ಹೆಸರು ಹೇಳದ ಕಲಾಯಿಯವನು

ನಮ್ಮ ಸೋದರಮಾವ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಅವನು ತವರ ಸವರಿದ ತಟ್ಟೆಯಲ್ಲಿ ಮುಖ ನೋಡಿಕೊಂಡು ಕ್ಷೌರ ಮಾಡಿಕೊಳ್ಳಬಹುದಿತ್ತು. ಒಪ್ಪಿದ ಮಾತಿನ ವಿಷಯದಲ್ಲಿ ಮಾತ್ರ ಉಡದ ಪಟ್ಟು.

ಪರದೇಶದವರ ಸರಕಾರ ತೊಲಗಲೆಂದು ಕಚೇರಿಯ ಬಾಗಿಲಲ್ಲಿ ಸುಮ್ಮನೆ ಕೂರುವ ಚಳವಳಿ ಶುರುವಾಯಿತು. ಹೆಸರು ಸಿಕ್ಕರೆ ಪೊಲೀಸರು ದಂಡಕ್ಕೆಂದು ಮನೆಗೆ ನುಗ್ಗಿ ಸಾಮಾನು ಹೊತ್ತೊಯ್ಯುತ್ತಿದ್ದರು. ಅದಕ್ಕೇ ಚಳವಳಿ ನಡೆಸುತ್ತಿದ್ದ ಊರಿನ ವಕೀಲರೊಬ್ಬರು, "ಹೊಡೆದ್ರೆ ಕೈಯೆತ್ತಬೇಡಿ, ಕೊಂದ್ರೂ ಹೆಸರು ಹೇಳಬೇಡಿ" ಎಂದು ಎಲ್ಲರಿಂದ ಆಣೆ ಮಾಡಿಸಿದರು. ಮಾವನೂ ಹೋಗಿ ಕೂತ; ಪೊಲೀಸರ ಏಟಿಗೆ ಅವನ ಎರಡು ಹಲ್ಲು ಹೊರಬಂದವು, ಹೆಸರು ಬರಲಿಲ್ಲ. ಜೈಲಿನ ಪುಸ್ತಕದಲ್ಲಿ ಅವನು ಬರೀ ನಂಬರ್ ಆದ.

ಏಳು ತಿಂಗಳಿಗೆ ಮಾತುಕತೆ ನಡೆದು ರಾಜಿಯಾಯಿತು. ಜೈಲಿನಿಂದ ವಕೀಲರೂ ಜೊತೆಯವರೂ ಹೂವಿನ ಹಾರ ಹಾಕಿಸಿಕೊಂಡು ಬಂದರು, ಮಾವ ಬರಲಿಲ್ಲ. ಅತ್ತೆ ವಕೀಲರ ಮನೆಗೆ ಹೋದಳು.

"ಬಿಡುಗಡೆ ಪಟ್ಟಿ ಹೆಸರಿನ ಮೇಲೆ ಆಯ್ತಮ್ಮ. ರಾಜಿಯಾದ ಮೇಲೆ ಮಿಕ್ಕೋರೆಲ್ಲ ಬರೆಸಿದ್ರು, ನಿನ್ನ ಗಂಡ ಹೆಸರೇ ಬರೆಸಿಲ್ಲ."

"ಆಣೆ ಹಾಕಿಸಿದವರು ಯಾರು ಸ್ವಾಮಿ? ನೀವು ಹೆಂಗೆ ಬಂದ್ರಿ?"

"ನನ್ನ ಗುರುತು ಅವರಿಗೆ ಮೊದಲೇ ಇತ್ತು."

"ಹಂಗಾದ್ರೆ ಒಂದು ಸಲ ಬಂದು, ಇನ್ನು ಹೆಸರು ಕೊಡಬಹುದು ಅನ್ನಿ. ನಿಮ್ಮ ಮಾತಿಲ್ಲದೆ ಅವರು ಬಾಯಿ ಬಿಡಲ್ಲ."

"ನಾಳೆ ಇನ್ನೊಂದು ಸುತ್ತಿನ ಮಾತುಕತೆ ಇದೆಯಲ್ಲ. ಆಮೇಲೆ ನೋಡೋಣ."

ಆ ಆಮೇಲೆ ಎರಡು ತಿಂಗಳಾದರೂ ಬರಲಿಲ್ಲ. ಮಾವ ಕೆಮ್ಮಿ ಕೆಮ್ಮಿ ಕಡ್ಡಿಯಾದ. ಇನ್ನು ಹೆಣವನ್ನೇ ಕೊಡುತ್ತಾರೆಂದು ಹೆದರಿದ ಅತ್ತೆ, ಒಂದು ದಿನ ಸರಳಿನಾಚೆ ನಿಂತು, "ವಕೀಲರೇ ಹೇಳಿ ಕಳಿಸಿದಾರೆ, ಹೆಸರು ಕೊಡಬಹುದಂತೆ" ಎಂದಳು. ಅವಳು ಸುಳ್ಳು ಹೇಳಿದ್ದನ್ನು ಅವನು ಎಂದೂ ಕಂಡವನಲ್ಲ. ನಂಬಿದ, ಹೆಸರು ಬರೆಸಿ ಹೊರಗೆ ಬಂದ.

ಬಂದವನು ಉಪಕಾರ ನೆನೆಯಲು ನೆಟ್ಟಗೆ ವಕೀಲರ ಮನೆಗೇ ಹೋದ. ಅವರು ಹುಬ್ಬೇರಿಸಿದರು. "ನಾನೆಲ್ಲಿ ಹೇಳಿ ಕಳಿಸಿದೆ? ಹೋಗ್ಲಿ ಬಿಡು, ನಿನ್ನಂಥೋರು ಇಷ್ಟು ದಿನ ತಡೆದಿದ್ದೇ ಹೆಚ್ಚು."

ಮನೆಗೆ ಬಂದು ಅತ್ತೆಯನ್ನು ಬೈಯಲಿಲ್ಲ. ಅವಳೊಡನೆ ಮಾತು ನಿಲ್ಲಿಸಿದ, ಅಷ್ಟೇ. ಸ್ವಾತಂತ್ರ್ಯ ಬಂತು, ವಕೀಲರು ಮಂತ್ರಿಯಾದರು. ಇಲ್ಲಿ ಹನ್ನೊಂದು ವರ್ಷ ಅವಳು ಗಾಳಿಯ ತಿದಿ ಒತ್ತಿ ಬೆಂಕಿ ಮಾಡಿದಳು, ಅವನು ಆ ಬೆಂಕಿಯಲ್ಲಿ ಪಾತ್ರೆ ಕಾಯಿಸಿದ. ತಪ್ಪು ಅವಳದೆಂದು ನಾನಂತೂ ಇವತ್ತಿಗೂ ಒಪ್ಪುವುದಿಲ್ಲ.

ಅವನು ಸತ್ತ ಮೇಲೆ ಅತ್ತೆ ಒಮ್ಮೆ ಅಂದಳು: "ಒಂದು ಸಲ ಬೈದಿದ್ರೆ ಸಾಕಿತ್ತು ಕಣೋ. ನನಗೂ ಅವರನ್ನ ಬೈಯೋದಿತ್ತು."