ಎಂಟರ ಮೇಲೆ ಕುಸುಮಾ ದಂಡೆತ್ತಿ ಹೋದದ್ದು

ಆರ್‌ಪಿಸಿ ಲೇಔಟಿನ ನಮ್ಮ ಬೀದಿಯಲ್ಲಿ ದೋಸೆ ಹಿಟ್ಟು ಮಾರುವ ಕುಸುಮಾ ಯಾರಿಗಾದರೂ ಸೋತದ್ದನ್ನು ನಾವು ಕಂಡಿಲ್ಲ. ಅಂಗಡಿಯ ಮೆಟ್ಟಿಲು ಚರಂಡಿಯ ಮೇಲೆ ಬಂದಿದೆ ಎಂದು ಒಡೆಯಲು ಬಂದ ಜೆಸಿಬಿಯ ಎದುರು ಕುರ್ಚಿ ಹಾಕಿಕೊಂಡು ಕೂತು, ಒಂದು ಮೊರ ತುಂಬ ಕೊತ್ತಂಬರಿ ಸೊಪ್ಪು ಬಿಡಿಸಿದವಳು ಆಕೆ. ಸೊಪ್ಪು ಮುಗಿಯುವ ಮೊದಲೇ ಜೆಸಿಬಿ ಹಿಂದಕ್ಕೆ ಸರಿದಿತ್ತು. ಗ್ರೈಂಡರ್ ಸದ್ದಿಗೆ ನಿದ್ದೆ ಕೆಡುತ್ತದೆ ಎಂದು ದೂರು ಕೊಟ್ಟಿದ್ದ ಎದುರು ಮನೆಯವರು ಈಗ ದಿನಾ ಅದೇ ಗ್ರೈಂಡರಿನ ಹಿಟ್ಟು ತಿನ್ನುತ್ತಾರೆ. ಇಂಥ ಕುಸುಮಾ ಹೋದ ವರ್ಷ ಸಾಕ್ಷಾತ್ ಶನಿಮಹಾರಾಜರ ಮೇಲೆಯೇ ದಂಡೆತ್ತಿ ಹೋದಳು. ಆ ಕದನದ ವೃತ್ತಾಂತವನ್ನು ಬರೆದಿಡುವುದು ಬೀದಿಯವರಾದ ನಮ್ಮ ಕರ್ತವ್ಯ.

ಯುದ್ಧಕ್ಕೆ ಕಾರಣ ಒಂದು ಪ್ಲಾಸ್ಟಿಕ್ ಹಾಳೆ.

ಕುಸುಮಾಳ ಮನೆಯಲ್ಲೇ ಇರುವ ಅತ್ತೆ ಲಿಂಗಮ್ಮನಿಗೆ ಮಂಡಿ ಬಗ್ಗುವುದಿಲ್ಲ, ಕಾರು ಹತ್ತಿದರೆ ವಾಂತಿ. ಆದರೆ ವರ್ಷಕ್ಕೊಮ್ಮೆ, ಮಹಾಲಯ ಅಮಾವಾಸ್ಯೆಯ ದಿನ, ಆಕೆ ಕೆಂಗೇರಿಯ ಹಳೆ ಮನೆಗೆ ಹೋಗಲೇಬೇಕು. ತೀರಿಕೊಂಡ ಗಂಡ ತಿಮ್ಮಯ್ಯನಿಗೂ ಉಳಿದ ಹಿರಿಯರಿಗೂ ಅಲ್ಲಿ ಎಡೆ ಇಡುತ್ತಾರೆ. ಆ ಮನೆಯಲ್ಲಿರುವುದು ದೊಡ್ಡ ಮಗ ಮಹದೇವ್. ಹೊಲವೆಲ್ಲ ಲೇಔಟ್ ಆದ ಮೇಲೆ ಅವನ ಮನೆಯ ಮುಂದೆ ಆನೆಯಂಥ ಕಾರೊಂದು ಬಂದು ನಿಂತಿದೆ. ಪ್ರತಿ ವರ್ಷ ತಾಯಿಯನ್ನು ಅದರಲ್ಲೇ ಕರೆದೊಯ್ಯುತ್ತಿದ್ದ. ಈ ಕದನಕ್ಕೆ ಹಿಂದಿನ ವರ್ಷದ ಹಬ್ಬಕ್ಕೆ ಅವನ ಹೆಂಡತಿ ಹಿಂದಿನ ಸೀಟಿಗೆ ದಪ್ಪ ಪ್ಲಾಸ್ಟಿಕ್ ಹಾಸಿ, ನಾಲ್ಕೂ ಮೂಲೆಯನ್ನು ಒಳಕ್ಕೆ ಸಿಕ್ಕಿಸಿ, ಕೈಗೆ ಎರಡು ಕವರ್ ಕೊಟ್ಟು ಅತ್ತೆಯನ್ನು ಕೂರಿಸಿದಳು. ಮಹಡಿಯ ಮೇಲೆ ಒಣಗಲು ಹಾಕಿದ ಸಂಡಿಗೆಯ ಹಾಗೆ ಲಿಂಗಮ್ಮ ಆ ಹಾಳೆಯ ಮೇಲೆ ಕೂತು ಕೆಂಗೇರಿ ತಲುಪಿದಳು. ತಿರುವು ಬಂದಾಗಲೆಲ್ಲ ಹಾಳೆ ಕರಕರ ಎನ್ನುತ್ತಿತ್ತು. ವಾಂತಿ ಬರದಿರಲೆಂದು ಆಕೆ ದಾರಿಯುದ್ದಕ್ಕೂ ಕಣ್ಣು ಮುಚ್ಚಿ, ಸೆರಗು ಕಚ್ಚಿಕೊಂಡಿದ್ದುದನ್ನು ಪಕ್ಕದಲ್ಲಿದ್ದ ಕುಸುಮಾ ನೋಡಿದಳು.

ಹಬ್ಬ ಮುಗಿಸಿ ಬಂದವಳು ಗ್ರೈಂಡರ್ ತೊಳೆಯುತ್ತಲೇ ಗಂಡನಿಗೆ ಘೋಷಿಸಿದಳು: "ಬರೋ ವರ್ಷ ಅತ್ತೆ ನಮ್ ಕಾರಲ್ಲಿ ಹೋಗ್ತಾರೆ. ಪ್ಲಾಸ್ಟಿಕ್ ಮೇಲಲ್ಲ, ಸೀಟ್ ಮೇಲೆ."

"ನಮ್ಮತ್ರ ಕಾರೆಲ್ಲಿದೆಯೇ?" ಎಂದ ಕಾಂತರಾಜು.

"ಅದನ್ನೇ ಹೇಳ್ತಾ ಇರೋದು."

ಕಾಂತರಾಜು ಸಹಕಾರ ಸಂಘವೊಂದರಲ್ಲಿ ಗುಮಾಸ್ತ. ಸಾಧು ಮನುಷ್ಯ. ಅವನಿಗಿರುವ ಒಂದೇ ಚಟ ಸಂಕಲನ. ಯಾವ ನಂಬರು ಕಂಡರೂ ಬೆರಳುಗಳು ತಾವಾಗಿಯೇ ಮಡಚಿಕೊಳ್ಳುತ್ತವೆ. ಅಂಕಿಗಳನ್ನು ಕೂಡಿ, ಬಂದದ್ದನ್ನು ಮತ್ತೆ ಕೂಡಿ, ಕೊನೆಗೆ ಎಂಟು ಉಳಿದರೆ ಅದು ಶನಿಯ ಸಂಖ್ಯೆ. ಕಾಂತರಾಜು ಆ ಬಸ್ಸು ಹತ್ತುವುದಿಲ್ಲ, ಮುಂದಿನದಕ್ಕೆ ಕಾಯುತ್ತಾನೆ. ಅವನೊಬ್ಬನೇ ಅಲ್ಲ. ವಿಜಯನಗರದಿಂದ ರಾಜಾಜಿನಗರದವರೆಗೆ ಎಂಟು ಎಂದರೆ ಬೆವರುವವರನ್ನೆಲ್ಲ ಒಂದೆಡೆ ಸೇರಿಸಿದರೆ ಒಂದು ರಾಜಕೀಯ ಪಕ್ಷ ಕಟ್ಟಬಹುದು, ಗೆಲ್ಲಲೂಬಹುದು.

ಕುಸುಮಾ ಸಿದ್ಧತೆ ಶುರು ಮಾಡಿದಳು. ಡ್ರೈವಿಂಗ್ ಸ್ಕೂಲಿಗೆ ಸೇರಿ, ಎರಡನೆಯ ಸಲಕ್ಕೆ ಲೈಸೆನ್ಸ್ ಗೆದ್ದಳು. ಸಾಲ ಮಾಡುವುದಿಲ್ಲ, ಬಳೆ ಅಡ ಇಡುವುದಿಲ್ಲ, ಕೈಗೆ ಬಂದ ಚೀಟಿ ದುಡ್ಡಿನಲ್ಲೇ ಕಾರು ಬರಬೇಕು ಎಂದು ನಿಯಮ ಹಾಕಿಕೊಂಡಳು. ಆ ದುಡ್ಡಿಗೆ ಹೊಸ ಕಾರಿನ ಚಕ್ರ ಬಂದಾವು, ಕಾರು ಬಾರದು. ಹೀಗಾಗಿ ಸೆಕೆಂಡ್ ಹ್ಯಾಂಡ್ ಎಂಬ ಅರಣ್ಯವನ್ನು ಹೊಕ್ಕರು: ಮುಂದೆ ಕುಸುಮಾ, ಹಿಂದೆ ಬೆರಳು ಮಡಚುತ್ತ ಕಾಂತರಾಜು, ಅವರ ನಡುವೆ ಪರಿಚಯದ ಮೆಕ್ಯಾನಿಕ್ ದುಂಡೇಶ. ಈ ದುಂಡೇಶ ಪ್ರತಿ ಕಾರಿನ ಬಾನೆಟ್ ಎತ್ತಿ "ಗಾಡಿ ಬೆಂಕಿ ಅಕ್ಕ" ಎನ್ನುತ್ತಿದ್ದ. ಒಂದರಲ್ಲಿ ನಿಜವಾಗಿಯೂ ಹೊಗೆ ಬಂದಾಗ ಮಾತ್ರ ಸುಮ್ಮನಾದ.

ಕುಸುಮಾಳ ಪರೀಕ್ಷೆಯೇ ಬೇರೆ. ಬಾಗಿಲು ತೆಗೆದು, ಬೆನ್ನು ತಿರುಗಿಸಿ, ಮೊದಲು ಸೀಟಿನ ಅಂಚಿಗೆ ಕೂತು, ಆಮೇಲೆ ಎರಡೂ ಕೈಯಲ್ಲಿ ಒಂದೊಂದೇ ಕಾಲನ್ನು ಎತ್ತಿ ಒಳಗಿಟ್ಟುಕೊಳ್ಳುತ್ತಿದ್ದಳು. ಲಿಂಗಮ್ಮ ಕಾರು ಹತ್ತುವುದು ಹೀಗೆಯೇ. ಮೈಸೂರು ರಸ್ತೆಯ ಯಾರ್ಡಿನಲ್ಲಿ ಸೇಲ್ಸಿನ ಹುಡುಗನೊಬ್ಬ ಇದನ್ನು ನೋಡಿ, ಆಂಟಿಗೆ ಕಾಲು ನೋವೇನೋ ಎಂದುಕೊಂಡು ಸ್ಟೂಲು ತಂದುಕೊಟ್ಟ. ತಗ್ಗಿನ ಕಾರುಗಳೆಲ್ಲ ಈ ಪರೀಕ್ಷೆಯಲ್ಲೇ ಫೇಲಾದವು. ಎತ್ತರದವು ಬೆಲೆಯಲ್ಲಿ ಫೇಲಾದವು. ಎರಡನ್ನೂ ಪಾಸು ಮಾಡಿದವನ್ನು ಕಾಂತರಾಜುವಿನ ಬೆರಳುಗಳು ಫೇಲು ಮಾಡಿದವು. ಕಾಮಾಕ್ಷಿಪಾಳ್ಯದಲ್ಲಿ ಒಬ್ಬ ಡಾಕ್ಟರಮ್ಮ ಓಡಿಸಿದ್ದ, ಮಗುವಿನಂಥ ಕಾರು ಸಿಕ್ಕಿತು. ನಂಬರು 2006. "ಎಂಟು ಕಣೇ," ಎಂದ. ರಾಜಾಜಿನಗರದಲ್ಲಿ ಇನ್ನೊಂದು, 7163. ಮತ್ತೆ ಎಂಟು. ಕೊನೆಗೆ ಅವನೇ ಹುಡುಕಿ ತಂದ ಕಾರಿನ ನಂಬರಿನ ಮೊತ್ತ ಐದು, ಬುಧನ ಸಂಖ್ಯೆ, ಬಲು ಶ್ರೇಷ್ಠ. ಕುಸುಮಾ ಮ್ಯಾಟು ಎತ್ತಿ ನೋಡಿದರೆ ಕೆಳಗೆ ಒಣಗಿದ ಕೆಸರಿನ ಗೆರೆ. ಯಾವುದೋ ಮಳೆಗಾಲದಲ್ಲಿ ಆ ಕಾರು ಕಿಟಕಿಯವರೆಗೆ ಮುಳುಗಿ ಎದ್ದಿತ್ತು.

"ನಿಮ್ ಬುಧ ಈಜಾಡ್ಕೊಂಡು ಬಂದಿದಾನೆ, ನೋಡಿ," ಎಂದಳು.

ಹೀಗೆ ಬೇಸಿಗೆ ಕಳೆಯಿತು, ಗಣೇಶನೂ ಕಳೆದ. ಪಿತೃಪಕ್ಷ ಬಂತು. ಪಕ್ಷದಲ್ಲಿ ಯಾರೂ ಹೊಸ ಪೊರಕೆಯನ್ನೂ ಕೊಳ್ಳುವುದಿಲ್ಲ. ಯಾರ್ಡುಗಳು ಬಿಕೋ ಎನ್ನುತ್ತಿದ್ದವು. ಕಾಂತರಾಜುವಿಗೆ ಒಳಗೊಳಗೇ ಹಾಯೆನಿಸಿತು. ಶಾಸ್ತ್ರವೇ ಕದನ ವಿರಾಮ ಘೋಷಿಸಿದೆ, ದಸರಾ ಆಯುಧಪೂಜೆಗೆ ನೋಡಿದರಾಯಿತು ಎಂದ.

"ದಸರಾ ಬರೋದು ಅಮಾವಾಸ್ಯೆ ಆದ್ಮೇಲೆ," ಎಂದಳು ಕುಸುಮಾ. "ಹಬ್ಬ ಕಳ್ದ್ ಮೇಲೆ ಕಾರ್ ತಂದು ಉಪ್ಪಿನಕಾಯಿ ಹಾಕ್ಲಾ? ಇಷ್ಟ್ ದಿನ ನೀವ್ ಕೂಡಿದ್ರಿ. ಇನ್ಮೇಲೆ ನಾನ್ ಕಳೀತೀನಿ."

ಮರುದಿನ ಒಬ್ಬಳೇ ಸ್ಕೂಟರ್ ಹತ್ತಿ ಬಸವೇಶ್ವರನಗರಕ್ಕೆ ಹೋದಳು. ಅಲ್ಲಿ ಅಂಜಿನಯ್ಯ ಎಂಬ ನಿವೃತ್ತರ ಮನೆಯ ಮುಂದೆ, ಹೊಂಗೆ ಮರದಡಿ, ಕವರು ಹೊದ್ದ ತಿಳಿನೀಲಿ ಕಾರೊಂದು ತಿಂಗಳುಗಟ್ಟಲೆ ನಿಂತಿದೆ ಎಂದು ಗಿರಾಕಿಯೊಬ್ಬರು ಹೇಳಿದ್ದರು. ಚಿಕ್ಕದು, ಆದರೆ ನೆಟ್ಟಗೆ ನಿಂತ ಟಿಫನ್ ಕ್ಯಾರಿಯರಿನಂತೆ ಎತ್ತರ. ಒಬ್ಬರೇ ಓಡಿಸಿದ್ದು, ಸರ್ವಿಸಿನ ಚೀಟಿಗಳೆಲ್ಲ ಇವೆ, ಮ್ಯಾಟಿನ ಕೆಳಗೆ ಬರೀ ಧೂಳು. ಕುಸುಮಾ ಬೆನ್ನು ತಿರುಗಿಸಿ ಕೂತಳು, ಕಾಲು ಎತ್ತಿಟ್ಟಳು. ಅತ್ತೆಯ ಮಂಡಿ ಎಲ್ಲಿಯೂ ತಾಗುವುದಿಲ್ಲ. ಸಂಜೆ ದುಂಡೇಶನೂ ಬಂದು ಓಡಿಸಿ ನೋಡಿ, ಮೊದಲ ಬಾರಿಗೆ "ಬೆಂಕಿ" ಎನ್ನದೆ "ಚೆನ್ನಾಗಿದೆ" ಎಂದ. ನಂಬರು 3590. ಅಂಜಿನಯ್ಯ ನೊಂದುಕೊಂಡು ಹೇಳಿದರು: ಬಂದವರೆಲ್ಲ ಕಾರು ನೋಡಿ ನಗುತ್ತಾರೆ, ಹಿಂದಕ್ಕೆ ಹೋಗಿ ನಂಬರ್ ಪ್ಲೇಟ್ ನೋಡುತ್ತಾರೆ, ಬೆರಳು ಮಡಚುತ್ತಾರೆ, ಫೋನ್ ಮಾಡುತ್ತೇನೆ ಎಂದು ಹೋಗಿಬಿಡುತ್ತಾರೆ. ಹದಿಮೂರು ವರ್ಷ ತಮ್ಮ ಹೆಂಡತಿ ಓಡಿಸಿದ ಕಾರು, ಒಂದು ಗೀರು ಬಿದ್ದಿಲ್ಲವಂತೆ.

ಕುಸುಮಾ ಎಂಟರ ಬಗ್ಗೆ ತನಗೆ ಯಾವ ನಂಬಿಕೆಯೂ ಇಲ್ಲ ಎಂದು ಮೊದಲೇ ಹೇಳಿದಳು. ಅಂಜಿನಯ್ಯನವರ ಮುಖ ಅರಳಿತು. ಆಮೇಲೆ ಬೆಲೆಯ ಮಾತು ಬಂತು.

"ಎಂಟಕ್ಕೆ ಎಷ್ಟ್ ಬಿಡ್ತೀರಾ ಸಾರ್?"

"ನಂಬಿಕೆ ಇಲ್ಲ ಅಂದ್ರಲ್ಲಮ್ಮಾ?"

"ನನಗಿಲ್ಲ ಸಾರ್. ಮಾರ್ಕೆಟ್ಟಿಗಿದೆ. ಪಕ್ಷ ಬೇರೆ. ನಾನ್ ಎದ್ದ್ ಹೋದ್ರೆ ದಸರಾವರೆಗೂ ನಿಮ್ ಗೇಟ್ ಯಾರೂ ತಟ್ಟಲ್ಲ. ಆಮೇಲ್ ಬರೋರೂ ಬೆರಳು ಮಡಚ್ತಾರೆ."

ಶನಿಯನ್ನು ಎದುರಿಸಿದವರುಂಟು, ಒಲಿಸಿಕೊಂಡವರುಂಟು. ಆದರೆ ಶನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಚೌಕಾಸಿ ಮಾಡಿದವಳು ನಮ್ಮ ಕುಸುಮಾ ಒಬ್ಬಳೇ. ಕಾರು ಚೀಟಿ ದುಡ್ಡಿನೊಳಗೇ ಬಂತು. ಮಿಕ್ಕಿದ್ದರಲ್ಲಿ ವರ್ಗಾವಣೆಯ ಖರ್ಚು, ಇನ್ಷೂರೆನ್ಸು, ದುಂಡೇಶನಿಗೆ ಒಂದು ಬಿರಿಯಾನಿ.

ಗೆದ್ದೆನೆಂದುಕೊಂಡು ಅಮಾವಾಸ್ಯೆಯ ಹಿಂದಿನ ದಿನ ಕಾರನ್ನು ಬೀದಿಗೆ ತಂದಳು. ಕಾಂತರಾಜು ಉಪಾಯ ಮಾಡಿ ನಂಬರ್ ಪ್ಲೇಟ್ ಮುಚ್ಚುವಷ್ಟು ದಪ್ಪದ ಚೆಂಡು ಹೂವಿನ ಹಾರ ತಂದಿದ್ದ. ಆದರೆ ಮಗನಿಗೆ ಕೂಡುವುದನ್ನು ಕಲಿಸಿದವಳೇ ಲಿಂಗಮ್ಮ. ಓದು ಬಾರದಿದ್ದರೂ ಬಸ್ಸಿನ ನಂಬರುಗಳಿಂದ ಅಂಕಿ ಕಲಿತವಳು. ಬಾಲ್ಕನಿಯಿಂದ, "ಹಾರ ಸ್ವಲ್ಪ ಮೇಲಕ್ಕೆತ್ತೋ," ಎಂದಳು. ಎತ್ತಿದ. ಆಕೆಯ ಬೆರಳುಗಳು ಮಡಚಿಕೊಂಡವು. ಒಳಗೆ ಹೋಗಿ, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು.

ಯಾರಿಗಾಗಿ ಇಷ್ಟೆಲ್ಲ ಸೈನ್ಯ ನಡೆಸಿದ್ದಳೋ ಅವರೇ ಎದುರು ಪಾಳೆಯದಲ್ಲಿದ್ದರು. ಒಂದು ಮಾತು ಹೇಳಿ ಒಪ್ಪಿಸು ಎಂದು ಕಾಂತರಾಜು ಗೋಗರೆದ. ಕುಸುಮಾ ಅಕ್ಕಿ ನೆನೆಹಾಕುತ್ತಿದ್ದಳು.

"ನಾನ್ ಯಾರನ್ನೂ ಬಲವಂತ ಮಾಡಿ ಕೂರಿಸಲ್ಲ. ಕೂರಿಸಿದ್ದನ್ನ ನೋಡಿದೀನಿ, ಸಾಕು. ಕಾರು ಬಾಗಿಲಲ್ಲಿ ನಿಂತಿರುತ್ತೆ. ಬಂದ್ರೆ ಬರ್ಲಿ."

ಹೇಳುವಾಗ ಆಕೆಯ ಕೈ ಮಾತ್ರ ಅದೇ ಅಕ್ಕಿಯನ್ನು ಮತ್ತೆ ಮತ್ತೆ ತೊಳೆಯುತ್ತಿತ್ತು.

ಅಮಾವಾಸ್ಯೆಯ ಬೆಳಿಗ್ಗೆ ಮಹದೇವನ ಆನೆ ಬಂದು, ನೀಲಿ ಕ್ಯಾರಿಯರಿನ ಮೂತಿಗೆ ಮೂತಿ ಕೊಟ್ಟು ನಿಂತಿತು. ಹಿಂದಿನ ಸೀಟಿನಲ್ಲಿ ಹಾಳೆ ಸಿದ್ಧವಾಗಿತ್ತು. ಹಿಟ್ಟು ಕೊಳ್ಳುವ ನೆಪದಲ್ಲಿ ಬೀದಿಯೆಲ್ಲ ಪಾತ್ರೆ ಹಿಡಿದು ಹೊರಗೆ ಬಂತು. ಅಂಗಡಿ ಅಂದು ರಜೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಮಹದೇವ್ ತಮ್ಮನ ಕಾರನ್ನು ಸುತ್ತಿ ನೋಡಿ, ಬೆರಳು ಮಡಚಿ, ದೊಡ್ಡದಾಗಿ ನಕ್ಕ. ಪಕ್ಷದಲ್ಲಿ ಗಾಡಿ, ಅದೂ ಎಂಟು. ತಮ್ಮನ ಹೆಂಡತಿಗೆ ಒಂದು ಪ್ರಶಸ್ತಿ ಕೊಡಿಸಬೇಕು ಎಂದ. ಕುಸುಮಾ, ಕೊಡಿಸಿ ಭಾವ, ಇಡೋಕೆ ಡಿಕ್ಕಿಯಲ್ಲಿ ಜಾಗ ಇದೆ ಎಂದಳು.

ಲಿಂಗಮ್ಮ ಹೊಸ ಸೀರೆಯುಟ್ಟು, ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದು ಬಂದಳು. "ಬಾಮ್ಮಾ," ಎಂದು ಮಹದೇವ್ ಬಾಗಿಲು ತೆಗೆದ. "ಅಪ್ಪನ ಹಬ್ಬದ ದಿನ ಆ ಶನಿ ಗಾಡಿ ಹತ್ತಬೇಡ."

ಆಕೆ ಅವನ ಕಾರಿನ ಹತ್ತಿರವೇ ಹೋದಳು. ಕುಸುಮಾ ಮುಖ ತಿರುಗಿಸಿ ಸುಮ್ಮನೆ ಕನ್ನಡಿ ಒರೆಸಿದಳು. ಲಿಂಗಮ್ಮ ಬಗ್ಗಿ ಒಳಗೆ ನೋಡಿ ಹಾಳೆಯ ಮೇಲೆ ಕೈಯಾಡಿಸಿದಳು. ಕರಕರ ಎಂದಿತು.

"ಇದು ಯಾಕಪ್ಪಾ?"

"ಸೀಟು ಲೆದರ್ ಅಲ್ವಾಮ್ಮಾ. ಕಲೆಯಾದ್ರೆ ಹೋಗಲ್ಲ."

"ಹೂಂ," ಎಂದಳು ಲಿಂಗಮ್ಮ. "ಜೋಪಾನವಾಗಿಟ್ಕೋ." ಬಾಗಿಲನ್ನು ತಾನೇ ಮುಚ್ಚಿ ನೀಲಿ ಕಾರಿನತ್ತ ನಡೆದಳು. ಮುಂದಿನ ಸೀಟಿನಲ್ಲಿ ಆಗಲೇ ಕೂತಿದ್ದ ಕಾಂತರಾಜುವಿಗೆ ಬೆರಳಲ್ಲೇ ಹಿಂದಕ್ಕೆ ಹೋಗು ಎಂದಳು. ಬೆನ್ನು ತಿರುಗಿಸಿ ಕೂತಳು. ಒಂದು ಕಾಲು, ಇನ್ನೊಂದು ಕಾಲು. ಆಮೇಲೆ ಸೊಸೆಗೆ ಮಾತ್ರ ಕೇಳುವಂತೆ ಹೇಳಿದಳಂತೆ: "ನನಗೆ ಭಯ ಇದೆ ಕಣೇ. ಎಂಟು ಎಂಟೇ. ನಿಧಾನ ಹೋಗು."

ದಿಗ್ವಿಜಯ ಯಾತ್ರೆ ಹೊರಟಿತು. ದೀಪಾಂಜಲಿನಗರದ ಹತ್ತಿರ ಕಾರು ಆಫ್ ಆಗಿ ಹಿಂದೆ ಬಸ್ಸುಗಳು ಕಹಳೆ ಊದಿದವು. ಹಿಂದಿನ ಸೀಟಿನಲ್ಲಿ ಕಾಂತರಾಜು ಇಲ್ಲದ ಬ್ರೇಕು ಒತ್ತುತ್ತ ಎದುರು ಬಂದ ಲಾರಿಗಳನ್ನೆಲ್ಲ ಕೂಡುತ್ತಿದ್ದ. ನಾಯಂಡಹಳ್ಳಿ ದಾಟುತ್ತಲೇ ಲಿಂಗಮ್ಮ ಸೆರಗು ಕಚ್ಚಿಕೊಂಡಳು. ಕುಸುಮಾ ಗಮನಿಸಿದಳು.

"ಸೆರಗು ಬಿಡಿ ಅತ್ತೆ. ನಿಮ್ ಕಾರು. ಬರೋದಾದ್ರೆ ಬರ್ಲಿ, ಒರೆಸಿದ್ರಾಯ್ತು."

ಬಂತು. ಧಾರಾಳವಾಗಿಯೇ ಬಂತು. ಜ್ಞಾನಭಾರತಿಯ ಗೇಟಿನ ಹತ್ತಿರ ಕಾರು ನಿಲ್ಲಿಸಿ, ಬಾಟಲಿ ನೀರಿನಲ್ಲಿ ಒರೆಸಿ, ಕಿಟಕಿ ಇಳಿಸಿಕೊಂಡು ಮುಂದೆ ಹೋದರು. ಆಮೇಲೆ ಕೆಂಗೇರಿಯವರೆಗೂ ಲಿಂಗಮ್ಮ ಕಣ್ಣು ಬಿಟ್ಟುಕೊಂಡು ಬಂದಳು. ಈ ರಸ್ತೆಯಲ್ಲಿ ಇಷ್ಟೊಂದು ಕಟ್ಟಡ ಯಾವಾಗ ಬಂತು ಎಂದು ಎರಡು ಸಲ ಕೇಳಿದಳಂತೆ.

ಹಳೆ ಮನೆಯಲ್ಲಿ ಎಡೆ ಇಟ್ಟರು. ತಿಮ್ಮಯ್ಯನಿಗೆ ಇಷ್ಟವಾದ ಕೋಳಿ ಸಾರು, ಮುದ್ದೆ, ಕಜ್ಜಾಯ, ಹೊಸ ಪಂಚೆ, ಒಂದು ಕಟ್ಟು ಬೀಡಿ. ಧೂಪ ಹಾಕಿ, ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಿ ಎಲ್ಲರೂ ಜಗಲಿಗೆ ಬಂದರು. ಆ ಹೊತ್ತಿನಲ್ಲಿ ಯಾರೂ ಮಾತಾಡುವುದಿಲ್ಲ. ಮಹದೇವ್ ಮಾತ್ರ ತಡೆಯಲಾರದೆ, ಆ ಗಾಡಿ ನೋಡಿ ಅಪ್ಪ ಏನಂದುಕೊಂಡರೋ ಎಂದು ಗೊಣಗಿದ.

ಲಿಂಗಮ್ಮ ಗೋಡೆ ಹಿಡಿದು ಎದ್ದು, ಮುಚ್ಚಿದ ಬಾಗಿಲ ಸಂದಿಗೆ ಬಾಯಿಟ್ಟು, ಗಂಡನಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು: "ಇವರೇ, ಚಿಕ್ಕವನ ಮನೇಲಿ ಕಾರ್ ತಗೊಂಡಿದಾರೆ. ಪಕ್ಷದಲ್ಲೇ ತಗೊಂಡಿದಾರೆ. ನಂಬ್ರು ಎಂಟು. ನಾನ್ ಅದ್ರಲ್ಲೇ ಬಂದಿದೀನಿ, ಅದ್ರಲ್ಲೇ ಹೋಗ್ತೀನಿ. ಏನಾದ್ರೂ ಹೇಳೋದಿದ್ರೆ ನನಗೆ ಹೇಳಿ, ಆ ಹುಡುಗಿ ತಂಟೆಗೆ ಹೋಗ್ಬೇಡಿ."

ಉತ್ತರಕ್ಕೆಂದು ಸಂದಿಗೆ ಕಿವಿಯಿಟ್ಟಳು. ಕೆಮ್ಮಿ, ಬಾಗಿಲು ತಳ್ಳಿ ನೋಡಿ, "ಊಟ ಮಾಡ್ತಿದಾರೆ," ಎಂದು ಕುಸುಮಾಳ ಪಕ್ಕ ಬಂದು ಕೂತಳು.