ಡಾಕ್ಟರಿಗೆ ನಾನು ಹೇಳದೆ ಬಿಟ್ಟ ಮಾತು

ಕಳೆದ ವರ್ಷ ಗಣಪತಿ ಹಬ್ಬ ಮುಗಿದ ಮರುವಾರ. ನನ್ನ ಅಣ್ಣ ಬಸವರಾಜನಿಗೆ ಬೇರೊಬ್ಬರ ಹೃದಯ ಜೋಡಿಸಿ ಆರು ವಾರವಾಗಿತ್ತು. ಪುಣೆ ಹತ್ತಿರದ ರಾಂಜಣಗಾಂವದ ಕಾರ್ಖಾನೆಯಲ್ಲಿ ಪಾಳಿ ದುಡಿದು ನನ್ನನ್ನು ಬಿ.ಎಸ್ಸಿ. ಓದಿಸಿದವನು ಅವನು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದವನು ನಾನೊಬ್ಬನೇ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಹಾಗಾಗಿ ಮನೆಯಲ್ಲಿ ಅಣ್ಣನ ಆರೈಕೆಗೆ ನಾನೇ ಯಜಮಾನ. ದಿನಕ್ಕೆ ಎರಡು ಸಲ ಜ್ವರ ನೋಡಿ ವಹಿಯಲ್ಲಿ ಬರೆಯುತ್ತಿದ್ದೆ. ಒಂದು ದಿನವೂ ಜ್ವರ ಬರಲಿಲ್ಲ. ಆದರೆ ಅವನು ಮಗ್ಗುಲು ಬದಲಿಸಿದಾಗ ಎದೆಯೊಳಗೆ ಸಪ್ಪಳವಾಗುತ್ತದೆ ಎಂದು ಅವ್ವ ಹೇಳತೊಡಗಿದಳು.

“ತಮ್ಮಾ, ಚಿಲಕ ಹಾಕಿದಂಗ ಟಕ್ ಅಂತದೋ. ಡಾಕ್ಟರಿಗೆ ಫೋನ್ ಹಚ್ಚು.”

“ಜ್ವರ ಎಲ್ಲಿ ಅದ ಬೇ? ಜ್ವರ ಇಲ್ಲಂದ್ರ ನಂಜಿಲ್ಲ. ಎಲಬು ಕೂಡಾಕತ್ತಾವು, ಅಷ್ಟ.”

ಮಲಗಿದ್ದ ಅಣ್ಣ ನಕ್ಕ. “ಹೊಸಾ ಇಂಜಿನ್ ಬೇ, ಮೊದಮೊದಲ ಸಪ್ಪಳ ಮಾಡ್ತದ.”

“ಆತಪಾ, ನೀವಿಬ್ರೂ ಶ್ಯಾಣ್ಯಾರು,” ಎಂದಳು ಅವ್ವ.

ಹತ್ತು ದಿನದ ಮೇಲೆ ಎದೆಯ ಪಟ್ಟಿಯೆಲ್ಲ ಕೀವಿನಿಂದ ನೆನೆಯಿತು. ಆಸ್ಪತ್ರೆಗೆ ಓಡಿದೆವು. ಸ್ಕ್ಯಾನ್ ನೋಡಿದ ಡಾಕ್ಟರ್ ಮೇಡಂ ಮರಾಠಿಯಲ್ಲಿ ನಿಧಾನವಾಗಿ ಹೇಳಿದರು. ಹೃದಯ ಜೋಡಿಸುವಾಗ ಸೀಳಿದ್ದ ಎದೆಯ ಎಲುಬು ಕೂಡದೆ ಬಿಟ್ಟುಕೊಂಡಿದೆ, ನಂಜು ಒಳಗಿಳಿದಿದೆ. ಮತ್ತೆ ತೆರೆದು ಕೊಳೆತದ್ದನ್ನು ಕೆರೆದು ತೆಗೆಯಬೇಕು, ಎಲುಬು ಬಿಗಿದ ತಂತಿಗಳನ್ನು ಬಿಚ್ಚಬೇಕು. ಕೆಲವು ದಿನ ಕೀವು ಹೀರುವ ಯಂತ್ರ ಹಚ್ಚಿಟ್ಟು, ಆಮೇಲೆ ಎದೆಯ ಎರಡೂ ಬದಿಯ ಸ್ನಾಯು ಎಳೆದು ಆ ಜಾಗ ಮುಚ್ಚಬೇಕು. “ಕೆಳಗೇ ಹೊಸ ಹೃದಯ ಇದೆ. ನಂಜು ಅದನ್ನು ಮುಟ್ಟಿದರೆ ಕಷ್ಟ,” ಎಂದರು. ಕೊನೆಗೆ, ಗಾಯಕ್ಕೆ ಮನೆಯಲ್ಲಿ ಏನಾದರೂ ಹಚ್ಚಿದ್ದಿರಾ ಎಂದು ಕೇಳಿದರು.

ನಾನು ಅವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವ್ವನ ಮುಖ ಇಳಿಯಿತು.

“ಪಟ್ಟಿ ಸರಿಸಿ ಭಂಡಾರ ಹಚ್ಚೀನೋ, ಮೂರು ದಿನ. ಅವ್ರಿಗೆ ಹೇಳು.”

ನಮ್ಮ ಮನೆದೇವರು ಮೈಲಾರಲಿಂಗ. ಅವನ ಭಂಡಾರವೆಂದರೆ ಅರಿಶಿನ ಪುಡಿ, ನಮ್ಮಲ್ಲಿ ಹಣೆಗೂ ಅದೇ, ಗಾಯಕ್ಕೂ ಅದೇ. ನನ್ನ ಕಿವಿ ಬಿಸಿಯಾದವು. ಓದಿದವನ ಮನೆಯಲ್ಲಿ ಹೀಗೆ ಮಾಡುತ್ತಾರೆಂದು ಇವರೆದುರು ಹೇಗೆ ಹೇಳಲಿ? “ಕಾಹೀ ನಾಹೀ,” ಏನೂ ಇಲ್ಲ, ಎಂದುಬಿಟ್ಟೆ.

ಪುಣೆಯಲ್ಲಿ ಇಷ್ಟು ವರ್ಷ ಕಳೆದ ಅವ್ವನಿಗೆ ಅಷ್ಟು ಮರಾಠಿ ತಿಳಿಯುತ್ತದೆ. ಅವಳು ಎದ್ದು, ನಡುವಿನ ಸಂಚಿಯಿಂದ ಭಂಡಾರದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. “ಮೀ ಲಾವಲಾ,” ನಾನೇ ಹಚ್ಚಿದೆ, ಎಂದಳು.

ಮೇಡಂ ಬೈಯಲಿಲ್ಲ. ಪುಡಿಯನ್ನೂ ಪರೀಕ್ಷೆಗೆ ಕಳಿಸಿದರು. “ಇದು ಗೊತ್ತಾಗಿದ್ದು ಒಳ್ಳೆಯದಾಯಿತು. ಮತ್ತೇನಾದರೂ?” ಎಂದರು. ಸಪ್ಪಳದ ವಿಷಯ ಅವ್ವನಿಗೆ ಗೊತ್ತಿತ್ತು. ಆದರೆ ಅವಳು ನನ್ನ ಕಡೆ ನೋಡದೆ ನೆಲ ನೋಡುತ್ತ ನಿಂತಳು. ನಾನೇ ಹೇಳಿದೆ.

“ಅಂದೇ ಯಾಕೆ ಬರಲಿಲ್ಲ?”

“ಜ್ವರ ಇರಲಿಲ್ಲ ಮೇಡಂ.”

“ಹೊಸ ಹೃದಯವನ್ನು ಮೈ ಒಪ್ಪಲೆಂದು ಕೊಡುವ ಈ ಗುಳಿಗೆ ತಿನ್ನುವವರಿಗೆ ನಂಜಾದರೂ ಜ್ವರ ಬರಲೇಬೇಕೆಂದಿಲ್ಲ.”

ಎರಡು ಸಲ ಆಪರೇಷನ್ ಆಯಿತು. ಹಸಿರು ಬಟ್ಟೆಯಲ್ಲಿ ಅಣ್ಣನನ್ನು ಒಳಗೆ ಒಯ್ದಾಗಲೆಲ್ಲ ಅವ್ವ, ನಾನು ಒಂದೇ ಬೆಂಚಿನ ಎರಡು ತುದಿಗೆ ಕೂತಿದ್ದೆವು. ಅಣ್ಣ ಉಳಿದ. ಈಗ ಮನೆಯಲ್ಲಿದ್ದಾನೆ, ನಮ್ಮಿಬ್ಬರನ್ನೂ ಕಾಡುತ್ತಾನೆ. “ಇಬ್ರೂ ಕೂಡಿ ನನ್ನ ಎದಿ ತೆಗಿಸಿದ್ರಿ. ಇನ್ನ ಜಗಳ ಮಾಡಬ್ಯಾಡ್ರಿ.”

ತಪ್ಪು ಯಾರದೆಂದು ನನಗೆ ಇಂದಿಗೂ ಬಗೆಹರಿದಿಲ್ಲ. ಸಪ್ಪಳ ಮೊದಲು, ಭಂಡಾರ ಆಮೇಲೆ ಎನ್ನುತ್ತಾಳೆ ಅವ್ವ. ಅಲ್ಲ, ಉಲ್ಟಾ ಎನ್ನುತ್ತಾನೆ ಅಣ್ಣ. ನನ್ನ ವಹಿಯಲ್ಲಿ ಬರೀ ಜ್ವರದ ಲೆಕ್ಕವಿದೆ. ಗಾಯದಲ್ಲಿದ್ದ ರೋಗಾಣು ಪುಡಿಯಲ್ಲಿರಲಿಲ್ಲ ಎಂದು ಮೇಡಂ ನನ್ನೊಬ್ಬನಿಗೆ ಹೇಳಿದ್ದನ್ನು ಅಂದೇ ಅವ್ವನಿಗೆ ತಿಳಿಸಿದೆ. ಅವಳು ನನ್ನ ಮುಖವನ್ನೇ ನೋಡಿದಳು.

“ಅವ್ರು ಹಂಗಂದ್ರೋ, ನೀ ಹಂಗಂತೀಯೋ?”

ಆ ಪ್ರಶ್ನೆಗೆ ಏನು ಹೇಳಿದರೆ ಅವಳು ನಂಬುತ್ತಾಳೋ, ನನಗೆ ಇನ್ನೂ ತಿಳಿದಿಲ್ಲ.