ಎರಡನೆಯ ಹೆಲ್ಮೆಟ್ ಯಾರದು

ಬ್ಯಾಂಕಿನ ಸಾಹೇಬರ ಮೇಲಿನ ಸಿಟ್ಟು ಗುಂಡುಸೂಜಿ ಮಾಸ್ಟರಿಗೆ ಹದಿನಾಲ್ಕು ವರ್ಷವಾದರೂ ಇಳಿದಿಲ್ಲ. ಸಾಹೇಬರು ವರ್ಗವಾಗಿ ಹೋದರು, ನಿವೃತ್ತರೂ ಆದರು, ತಲೆಗೂದಲೆಲ್ಲ ಉದುರಿತು ಎಂಬ ಸುದ್ದಿಯೂ ಬಂತು. ಸಿಟ್ಟು ಮಾತ್ರ ಈಗಷ್ಟೇ ಇಸ್ತ್ರಿ ಮಾಡಿಟ್ಟ ಅಂಗಿಯ ಹಾಗೆ ಗರಿಗರಿಯಾಗಿದೆ.

ನಡೆದದ್ದು ಇಷ್ಟೇ. ಬೀಳ್ಕೊಡುಗೆ ಸಮಾರಂಭಕ್ಕೆಂದು ಸಾಹೇಬರು ಒಂದು ಕೋಟು ಹೊಲಿಸಿದರು. ಮಾಸ್ಟರು ಕಚ್ಚಾ ಹೊಲಿಗೆ ಹಾಕಿ, ಕನ್ನಡಿಯ ಮುಂದೆ ನಿಲ್ಲಿಸಿ, ಕಂಕುಳ ಹತ್ತಿರ ಹಿಡಿಯುತ್ತಾ ಎಂದು ಒಂದಲ್ಲ, ಎರಡು ಸಲ ಕೇಳಿದರು. ಎರಡು ಸಲವೂ ಸಾಹೇಬರು "ಫಸ್ಟ್ ಕ್ಲಾಸ್" ಎಂದರು. ಸಮಾರಂಭದ ದಿನ ವೇದಿಕೆಯ ಮೇಲೆ ನಿಂತು ಜನರ ಕಡೆ ಕೈಬೀಸಲು ಹೋದರೆ ಕೈ ಎದೆಯ ಮಟ್ಟಕ್ಕೆ ಬಂದು ಅಲ್ಲೇ ನಿಂತುಬಿಟ್ಟಿತು. ಮುಂದಿನ ಸಾಲಿನವರು ನಕ್ಕರು. ಮರುದಿನದಿಂದ ಸಾಹೇಬರು ಸಿಕ್ಕಸಿಕ್ಕವರ ಮುಂದೆಲ್ಲ ದರ್ಜಿ ಬಟ್ಟೆ ಕೆಡಿಸಿದ ಕಥೆ ಹೇಳುತ್ತ ಹೋದರು.

"ಕೆಟ್ಟಿದೆ ಅಂದದ್ದಕ್ಕೆ ನನಗೆ ಬೇಜಾರಿಲ್ಲ," ಎಂದು ಮಾಸ್ಟರು ಈಗಲೂ ಹೇಳುತ್ತಾರೆ. "ಸರಿ ಮಾಡೋಕೆ ಆಗುವಾಗ ಚೆನ್ನಾಗಿದೆ ಅಂದ್ರಲ್ಲ, ಅದಕ್ಕೆ ಮೈ ಉರಿಯುತ್ತೆ."

ಅಂದಿನಿಂದ ಅವರ ಅಂಗಡಿಯ ಪದ್ಧತಿಯೇ ಬದಲಾಯಿತು. ಕನ್ನಡಿಯ ಮುಂದೆ ನಿಂತವರನ್ನು ಅವರು ಹೇಗಿದೆ ಎಂದು ಕೇಳುವುದಿಲ್ಲ. ಮೇಲಿನ ಶೆಲ್ಫಿನಿಂದ ದಾರದ ಡಬ್ಬ ಕೊಡಿ ಎನ್ನುತ್ತಾರೆ, ಕುಳಿತು ಏಳಿ ಎನ್ನುತ್ತಾರೆ, ಬಗ್ಗಿ ಚಪ್ಪಲಿ ಸರಿಮಾಡಿಕೊಳ್ಳಿ ಎನ್ನುತ್ತಾರೆ. ಗಿರಾಕಿ ಇದೇನು ಶಾಲೆಯ ಡ್ರಿಲ್ಲೇ ಎಂದು ಗೊಣಗುತ್ತ ಎಲ್ಲವನ್ನೂ ಮಾಡುವಾಗ ಮಾಸ್ಟರು ಅವನ ಮುಖ ನೋಡುವುದಿಲ್ಲ, ಕೈ ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತಾರೆ. ಕೈ ಎಲ್ಲಿ ಬಟ್ಟೆ ಎಳೆದುಕೊಳ್ಳುತ್ತದೋ ಅಲ್ಲಿ ಒಂದು ಗುಂಡುಸೂಜಿ.

ಸೂಜಿಗಳು ಸದಾ ಅವರ ತುಟಿಗಳ ನಡುವೆಯೇ ಇರುತ್ತವೆ. ಅಡ್ಡಹೆಸರು ಬಂದದ್ದು ಅದರಿಂದಲೋ ಮಾತಿನ ಮೊನೆಯಿಂದಲೋ, ಬೀದಿಯವರಲ್ಲೇ ಒಮ್ಮತವಿಲ್ಲ. ನಾಲ್ಕನೇ ತರಗತಿಗೆ ಶಾಲೆ ಬಿಟ್ಟು ಕಾಜಾ ಹೊಲಿಯಲು ಕುಳಿತವರು. ಅಳತೆಯ ಪುಸ್ತಕದಲ್ಲಿ ಅಂಕಿಗಳು ಮುತ್ತಿನಂತಿದ್ದರೆ ಅಕ್ಷರಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಕೋಪವಂತೂ ಮೂಗಿನ ತುದಿಯಲ್ಲೇ. ಬಂದಷ್ಟೇ ಬೇಗ ಇಳಿಯುತ್ತದೆ ಎಂದು ಅವರ ಹೆಂಡತಿ ಎಲ್ಲರಿಗೂ ಸಮಾಧಾನ ಹೇಳುತ್ತಾರೆ. ಬೈಸಿಕೊಂಡವರು ಅಷ್ಟು ಹೊತ್ತು ಕಾಯುವುದಿಲ್ಲ, ಅದೇ ತೊಂದರೆ.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಕಿಟಕಿಯ ಕೆಳಗೆ ಎರಡು ಹೊಲಿಗೆ ಯಂತ್ರ, ಗೋಡೆಗುಂಟ ಕತ್ತರಿಸುವ ಮೇಜು, ಬಾಗಿಲ ಹಿಂದೆ ಕರೆಂಟಿನ ಮೀಟರು. ಮಕ್ಕಳಿಲ್ಲದ ಆ ಮನೆಯಲ್ಲಿ ಎರಡು ವರ್ಷದಿಂದ ಮಾಸ್ಟರ ಅಕ್ಕನ ಮಗಳು ಇದ್ದಾಳೆ. ಅವಳ ಕಾಲೇಜು ಇಲ್ಲಿಂದ ಎರಡೇ ಬಸ್ ಸ್ಟಾಪು. ಸಿನಿಮಾ, ವಿಡಿಯೊ ತೆಗೆಯುವುದನ್ನು ಕಲಿಸುವ ಕೋರ್ಸು. ಅದೆಂಥ ಓದು ಎಂದು ಮಾಸ್ಟರು ಮೊದಲು ಹಾರಾಡಿದ್ದುಂಟು. ಈಗ ಗಿರಾಕಿಗಳ ಮುಂದೆ "ನಮ್ಮ ಡೈರೆಕ್ಟರು" ಎನ್ನುತ್ತಾರೆ.

ಈ ಸಲ ಅವಳ ತಂಡಕ್ಕೆ ಒಂದು ಮ್ಯೂಸಿಕ್ ವಿಡಿಯೊ ಮಾಡುವ ಕೆಲಸ ಬಿದ್ದಿತ್ತು. ಹಾಡು ಸಹಪಾಠಿಯೊಬ್ಬಳದು: ಯಾವುದೋ ಸಣ್ಣ ಮಾತಿಗೆ ಮುನಿದು ಮಾತು ಬಿಟ್ಟ ಇಬ್ಬರು ಗೆಳತಿಯರ ಹಾಡು. ಒಂದೊಂದು ದೃಶ್ಯಕ್ಕೂ ಇವಳು ರಟ್ಟಿನ ಮೇಲೆ ಚಿತ್ರ ಬರೆದಿದ್ದಳು. ಮೊದಲಿಗೆ ಸ್ಕೂಟರಿನ ಮೇಲೆ ಒಬ್ಬಳೇ ಹೋಗುವ ಹುಡುಗಿ, ಆಮೇಲೆ ಸುತ್ತಲೂ ಕನ್ನಡಿಗಳು, ಹೊಗೆ, ಹಿಂದಕ್ಕೆ ತಿರುಗುವ ಗಡಿಯಾರ, ನಡುವೆ ಬೆಳ್ಳಿ ಬಣ್ಣದ ಕೋಟು ತೊಟ್ಟು ಬೊಂಬೆಗಳಂತೆ ನಿಂತ ಇಬ್ಬರು ಹುಡುಗಿಯರು. ಕೋಟಿನ ಉಪಾಯ ಮಾಸ್ಟರದು. ಭುಜ ಹೀಗೆ ಎದ್ದು ನಿಲ್ಲಬೇಕು ಎಂದು ಚಿತ್ರದ ಮೇಲೆಯೇ ಚಾಕ್‌ಪೀಸಿನಿಂದ ಗೆರೆ ಎಳೆದಿದ್ದರು. ಒಂದು ಕೋಟನ್ನು ಕತ್ತರಿಸಿಯೂ ಇಟ್ಟಿದ್ದರು.

ಶೂಟಿಂಗಿಗೆ ಮೊದಲು ನೋಡುವವರ ಅಭಿಪ್ರಾಯ ಕೇಳಬೇಕು, ಅದರಿಂದ ಏನು ಬದಲಾಯಿಸಿದಿರಿ ಎಂದು ಬರೆದುಕೊಡಬೇಕು, ಇದು ಅವಳ ಟೀಚರ ಕಟ್ಟಪ್ಪಣೆ. ಇವಳು ನಲವತ್ತು ಫಾರಂ ಹಂಚಿ, ನಲವತ್ತನ್ನೂ ತುಂಬಿಸಿಕೊಂಡು ಬಂದಳು. ಎಲ್ಲದರಲ್ಲೂ "ಸೂಪರ್", ಎಲ್ಲದರಲ್ಲೂ ಐದಕ್ಕೆ ಐದು ನಕ್ಷತ್ರ. ಟೀಚರು ಕಟ್ಟನ್ನು ಹಾಗೇ ಹಿಂದಕ್ಕೆ ತಳ್ಳಿದರಂತೆ. ನಲವತ್ತು ಜನ ನೋಡಿಯೂ ಒಂದು ಗೆರೆ ಬದಲಾಗಿಲ್ಲ ಅಂದರೆ ನೀನು ಯಾರನ್ನೂ ಕೇಳಿಲ್ಲ ಎಂದೇ ಲೆಕ್ಕ, ಎಂದರಂತೆ. ಶುಕ್ರವಾರದೊಳಗೆ ಸರಿಯಾಗಿ ಕೇಳಿಕೊಂಡು ಬರಬೇಕು. ಇಲ್ಲದಿದ್ದರೆ ಕಾಲೇಜಿನ ಕ್ಯಾಮೆರಾ ಇವರಿಗೆ ಸಿಗಬೇಕಿದ್ದ ಆ ಒಂದೇ ಒಂದು ಭಾನುವಾರ ಬೇರೆ ತಂಡಕ್ಕೆ ಹೋಗುತ್ತದೆ, ಇವರ ವಿಡಿಯೊ ಈ ವರ್ಷಕ್ಕೆ ಇಲ್ಲ.

ಹುಡುಗಿ ಕಣ್ಣು ಕೆಂಪಗೆ ಮಾಡಿಕೊಂಡು ಬಂದು ಮೇಜಿನ ಮೇಲೆ ಫಾರಂಗಳನ್ನು ಸುರಿದಳು. ಮಾಸ್ಟರು ಒಂದನ್ನೆತ್ತಿ ನಕ್ಷತ್ರಗಳನ್ನು ಎಣಿಸಿದರು.

"ಇವರೆಲ್ಲ ಯಾರು?"

"ನನ್ನ ಕ್ಲಾಸಿನವರು ಮಾವ. ಸೀನಿಯರ್ಸು."

"ನಾಳೆ ಅವರದಕ್ಕೆ ನೀನು ನಕ್ಷತ್ರ ಹಾಕಬೇಕಲ್ಲ, ಅದಕ್ಕೆ ಇಷ್ಟು ಧಾರಾಳ," ಎಂದರು ಮಾಸ್ಟರು. ಬಾಯಲ್ಲಿದ್ದ ಸೂಜಿಗಳನ್ನು ತೆಗೆದು ಪಕ್ಕಕ್ಕಿಟ್ಟರು. ಅವರು ಸೂಜಿ ತೆಗೆದು ಮಾತಾಡುವುದು ಅಪರೂಪ. "ಚೆನ್ನಾಗಿದೆಯಾ ಅಂತ ಕೇಳಿದ್ರೆ ಚೆನ್ನಾಗಿದೆ ಅಂತಾರೆ. ಅವರಿಗೂ ಮನೆಗೆ ಹೋಗ್ಬೇಕಲ್ಲ. ನೀನು ಕೈ ಎತ್ತಿಸಬೇಕು ಕಣೇ."

ಹಾಡು ನೋಡಿದವರಿಗೆ ಕೈ ಎತ್ತಿಸುವುದು ಹೇಗೆ ಎಂದು ಅವಳು ಕೇಳಿದಳು. ಮಾಸ್ಟರು ಟೇಪನ್ನು ಬೆರಳಿಗೆ ಸುತ್ತಿದರು. ಆಮೇಲೆ, ನೋಡಿದ ಕಥೆಯನ್ನು ಅವರ ಬಾಯಲ್ಲೇ ವಾಪಸ್ ಹೇಳಿಸು, ಎಲ್ಲಿ ತಡವರಿಸುತ್ತಾರೋ ಅಲ್ಲಿ ಬಿಗಿ ಎಂದು ತಿಳಿದುಕೋ, ಎಂದರು. ನಿನ್ನ ಮುಖಸ್ತುತಿ ಮಾಡಬೇಕಾದ ಗರಜಿಲ್ಲದವರು ಬೇಕಾದರೆ ಈ ಅಂಗಡಿಗೆ ದಿನವೂ ಬರುತ್ತಾರೆ, ಇಲ್ಲೇ ಕೂರು, ಎಂದೂ ಸೇರಿಸಿದರು.

ಬುಧವಾರ, ಗುರುವಾರ ಎರಡು ದಿನ ಅವಳು ಮೂಲೆಯ ಸ್ಟೂಲಿನ ಮೇಲೆ ಕೂತಳು. ಮೊಬೈಲಿನಲ್ಲಿ ಹಾಡು ಹಾಕಿ ಒಂದೊಂದೇ ರಟ್ಟು ತೋರಿಸುವುದು, ಏನಾಯಿತು ಹೇಳಿ ಎನ್ನುವುದು, ಅವರು ಹೇಳಿದ್ದನ್ನು ಒಂದಕ್ಷರ ಬಿಡದೆ ನೋಟ್‌ಬುಕ್ಕಿನಲ್ಲಿ ಬರೆಯುವುದು. ಸಮವಸ್ತ್ರ ಸಡಿಲ ಮಾಡಿಸಲು ಬಂದ ನರ್ಸಮ್ಮ, ಇಬ್ಬರಲ್ಲಿ ಒಬ್ಬಳು ಸತ್ತಿದ್ದಾಳೆ ಅಲ್ಲವೇ ಎಂದು ಲೊಚಗುಟ್ಟಿದರು. ಶಾಲೆಯ ಬಸ್ಸಿನ ಡ್ರೈವರು, ಗಡಿಯಾರ ಯಾವ ಕಂಪನಿಯದು ಎಂದು ಕೇಳಿದ. ಮಾಸ್ಟರಿಗೆ ಇದೆಲ್ಲ ಬಲು ಖುಷಿ. ನೋಡಿದೆಯಾ, ಕೈ ಎಳೆದುಕೊಳ್ತಾ ಇದೆ, ಎಂದು ಹುಡುಗಿಗೆ ಕಣ್ಣು ಮಿಟುಕಿಸುತ್ತಿದ್ದರು.

ಗುರುವಾರ ಮಧ್ಯಾಹ್ನ ಮೀಟರು ನೋಡುವಾತ ಬಂದ. ತಿಂಗಳಿಗೊಮ್ಮೆ ಬರುವ ಮನುಷ್ಯ. ಬಾಗಿಲ ಹಿಂದೆ ಟಾರ್ಚು ಬಿಟ್ಟು ಅಂಕಿ ಬರೆದುಕೊಂಡು ಎರಡು ನಿಮಿಷದಲ್ಲಿ ಹೋಗುವವನು. ಅವನ ಹೆಸರೇನು ಎಂದು ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಹುಡುಗಿ ಕೂರಿಸಿ ತೋರಿಸಿದಳು. ಆತ ಕೊನೆಯ ರಟ್ಟಿನವರೆಗೂ ನೋಡಿದ.

"ನಿಜ ಹೇಳ್ಲಾ ತಂಗಿ? ಅರ್ಧದಲ್ಲಿ ನನಗೆ ಆಕಳಿಕೆ ಬಂತು. ಈ ಸ್ಕೂಟರ್ ಮೇಲೆ ಹೋಗ್ತಾಳಲ್ಲ, ಇದೊಂದು ಅರ್ಥ ಆಯ್ತು. ಹಿಂದೆ ಯಾರೂ ಕೂತಿಲ್ಲ, ಆದ್ರೂ ಕೊಕ್ಕೆಯಲ್ಲಿ ಇನ್ನೊಂದು ಹೆಲ್ಮೆಟ್ ಇದೆ. ಅದು ಯಾರದು? ಆಮೇಲೆ ಆ ಹೊಳೆಯೋ ಕೋಟು ಬಂದ್ಮೇಲೆ ಮುಗೀತು. ಬ್ಯಾಂಡ್ ಬಾರಿಸೋರು ವಾದ್ಯ ಮರೆತು ಬಂದ ಹಾಗಿದೆ."

ಹುಡುಗಿಯ ಕಣ್ಣಲ್ಲಿ ನೀರಾಡಿತು. ಆದರೂ ಬರೆಯುವ ಕೈ ನಿಲ್ಲಲಿಲ್ಲ. ಮಾಸ್ಟರ ಪಿತ್ತ ಮಾತ್ರ ನೆತ್ತಿಗೇರಿತು. ಟೇಪನ್ನು ಮೇಜಿನ ಮೇಲೆ ಬೀಸಿ ಹೊಡೆದು ಎದ್ದು ನಿಂತರು. ನಿನ್ನನ್ನು ಕರೆದದ್ದು ಯಾರು, ಮೀಟರು ನೋಡುವವನಿಗೆ ಕಲೆಯ ಗಂಧ ಏನು ಗೊತ್ತು, ಹೆಣ್ಣುಮಗುವನ್ನು ಅಳಿಸಿ ಹಲ್ಲು ಕಿರಿಯುತ್ತೀಯಾ, ಎಂದು ಬೀದಿಯ ಆ ತುದಿಗೆ ಕೇಳುವ ಹಾಗೆ ಕೂಗಾಡಿದರು. ಆತ ಹಲ್ಲು ಕಿರಿದಿರಲಿಲ್ಲ. ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದ. ಅಂಕಿ ಬರೆದುಕೊಳ್ಳುವುದನ್ನೂ ಬಿಟ್ಟು ಹೋದ.

ಒಳಗಿನಿಂದ ಬಂದ ಹೆಂಡತಿ ಗಂಡನನ್ನೂ ಖಾಲಿ ಬಾಗಿಲನ್ನೂ ನೋಡಿ, "ಆಯ್ತೇನ್ರೀ?" ಎಂದಷ್ಟೇ ಕೇಳಿದರು.

"ಮಗು ಅಳ್ತಾ ಇದ್ರೆ ಸುಮ್ಮನೆ ಇರ್ಬೇಕಾ ನಾನು?"

ಹುಡುಗಿ ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಂಡಳು. "ಆಕಳಿಕೆ ಬಂತು ಅಂದಾಗ ನೀವು ಗುಂಡಿ ಹಚ್ತಾನೇ ಇದ್ರಿ ಮಾವ. ಎದ್ದು ನಿಂತದ್ದು ಕೋಟಿನ ಮಾತು ಬಂದಾಗ."

ಮಾಸ್ಟರು ಸೂಜಿಗಳನ್ನು ಹುಡುಕುವವರಂತೆ ಮೇಜಿನ ಮೇಲೆಲ್ಲ ಕೈಯಾಡಿಸಿದರು. ಆಮೇಲೆ ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಹೋಗಿ ಎರಡೂ ಕಡೆ ನೋಡಿ ಬಂದರು. ಆತ ಯಾವ ಓಣಿಗೆ ತಿರುಗಿದ್ದನೋ, ಕಾಣಲಿಲ್ಲ. ಬಂದವರು ಯಂತ್ರದ ಮುಂದೆ ಕೂತು ಹೊಲಿಯದೆ ಚಕ್ರ ತಿರುಗಿಸುತ್ತಿದ್ದರು.

ಅಷ್ಟು ಹೊತ್ತಿಗೆ ಹುಡುಗಿ ನೋಟ್‌ಬುಕ್ಕನ್ನು ಮೊದಲಿನಿಂದ ಓದತೊಡಗಿದ್ದಳು. ಹನ್ನೊಂದು ಜನ. ಕನ್ನಡಿಯ ದೃಶ್ಯವನ್ನು ಒಂಬತ್ತು ಜನ ಒಂಬತ್ತು ರೀತಿ ಹೇಳಿದ್ದರು, ಇಬ್ಬರಂತೂ ಬಿಟ್ಟೇ ಬಿಟ್ಟಿದ್ದರು. ಸ್ಕೂಟರಿನ ದೃಶ್ಯ ಬಂದಾಗ ಮಾತ್ರ ಯಾರೂ ತಡವರಿಸಿರಲಿಲ್ಲ. ಒಬ್ಬಳೇ ಹೋಗುತ್ತಿದ್ದಾಳೆ, ಜೊತೆಯವಳು ಇಲ್ಲ. ಎಲ್ಲರೂ ಅದನ್ನೇ ಹೇಳಿದ್ದರು. ಹೆಲ್ಮೆಟ್ಟಿನ ಮಾತೆತ್ತಿದವನು ಮೀಟರಿನಾತ ಒಬ್ಬನೇ.

ಆ ಹೆಲ್ಮೆಟ್ಟನ್ನು ಅವಳು ಯೋಚಿಸಿ ಬರೆದದ್ದಲ್ಲ. ಅಂಗಡಿಯ ಮುಂದೆ ನಿಂತ ಮಾವನ ಸ್ಕೂಟರನ್ನು ನೋಡಿ ಬರೆದಿದ್ದಳು. ಅದರ ಕೊಕ್ಕೆಯಲ್ಲಿ ಅತ್ತೆಯ ನೀಲಿ ಹೆಲ್ಮೆಟ್ಟು ಯಾವಾಗಲೂ ನೇತಾಡುತ್ತಿರುತ್ತದೆ. ಅತ್ತೆ ವಾರಕ್ಕೊಮ್ಮೆ ಹತ್ತಿದರೂ ಮಾವ ಅದನ್ನು ಒಂದು ದಿನವೂ ತೆಗೆದಿಟ್ಟವರಲ್ಲ. ಹುಡುಗಿ ಬಾಗಿಲಿಗೆ ಬಂದು ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕನ್ನಡಿಯ ರಟ್ಟುಗಳನ್ನೆಲ್ಲ ಜೋಡಿಸಿ ಕಟ್ಟಿ ಅಟ್ಟಕ್ಕೆ ಹಾಕಿದಳು. ಸಂಜೆಯೊಳಗೆ ಹೊಸದಾಗಿ ಒಂಬತ್ತು ಚಿತ್ರ ಬರೆದಳು. ಎಲ್ಲದರಲ್ಲೂ ಒಂದೇ ಸ್ಕೂಟರು, ಒಬ್ಬಳೇ ಹುಡುಗಿ, ಎರಡು ಹೆಲ್ಮೆಟ್ಟು. ಇವಳು ಎಲ್ಲಿಗೆ ಹೋದರೂ ಎರಡನೆಯದು ಜೊತೆಗೆ ಬರುತ್ತದೆ. ಯಾರೋ ಕೇಳಿದರೆ ಕೊಡುವುದಿಲ್ಲ. ಮಳೆ ಬಂದರೆ ಮೊದಲು ಅದನ್ನೇ ಒರೆಸುತ್ತಾಳೆ. ಕೊನೆಯಲ್ಲಿ ಗೆಳತಿಯ ಮನೆಯ ಮುಂದೆ ಸ್ಕೂಟರು ನಿಲ್ಲಿಸಿ ಕಾಯುತ್ತಾಳೆ. ಒಂದು ಕೈ ಬಂದು ಕೊಕ್ಕೆಯಿಂದ ಹೆಲ್ಮೆಟ್ಟನ್ನು ಬಿಡಿಸಿಕೊಳ್ಳುತ್ತದೆ. ಮುಖ ತೋರಿಸುವುದಿಲ್ಲ.

ಕತ್ತರಿಸಿಟ್ಟ ಕೋಟಿನ ಗತಿ ಏನು ಎಂದು ಅವಳು ಅಳುಕುತ್ತ ಕೇಳಿದಳು. ಮಾಸ್ಟರು ಕತ್ತರಿ ಎತ್ತಿಕೊಂಡರು. ಮರುದಿನ ಆ ಬೆಳ್ಳಿ ಬಟ್ಟೆ ಹೊಲಿಗೆ ಯಂತ್ರದ ಮುಸುಕಾಗಿ ಕೂತಿತ್ತು. ಅತ್ತೆ, ಈಗ ಭುಜ ಚೆನ್ನಾಗಿ ಎದ್ದು ನಿಂತಿದೆ, ಎಂದರು. ಮಾಸ್ಟರು ಅದನ್ನು ಹೊಟ್ಟೆಗೆ ಹಾಕಿಕೊಂಡರು.

ಶುಕ್ರವಾರ ಟೀಚರು ಹಳೆಯ ಚಿತ್ರ, ನೋಟ್‌ಬುಕ್ಕು, ಹೊಸ ಚಿತ್ರ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ, ಕ್ಯಾಮೆರಾದ ಚೀಟಿಗೆ ಸಹಿ ಹಾಕಿದರು. ಭಾನುವಾರ ಬೆಳಗಿನಿಂದ ಮಾಸ್ಟರ ಸ್ಕೂಟರು ನಟಿಸಿತು. ಮಳೆ ಬೇಕಾದಾಗ ಬಾರದ್ದರಿಂದ ಮಾಸ್ಟರೇ ಪೈಪು ಹಿಡಿದು ನಿಂತರು. ಕ್ಯಾಮೆರಾದವನಿಗೆ ಎರಡು ಸಲ ಬೈದರು, ಒಂದು ಸಲ ತಾವಾಗಿಯೇ ಸುಮ್ಮನಾದರು.

ಹದಿನೈದು ದಿನದ ಮೇಲೆ ಕಾಲೇಜಿನ ಸಭಾಂಗಣದಲ್ಲಿ ಎಲ್ಲ ತಂಡಗಳ ವಿಡಿಯೊ ತೋರಿಸಿದರು. ಮಾಸ್ಟರು ಹಿಂದಿನ ಗೋಡೆಗೆ ಒರಗಿ ನಿಂತು, ಪರದೆಯನ್ನು ಬಿಟ್ಟು ಜನರನ್ನೇ ನೋಡಿದರು. ಹಿಂದಿನ ವಿಡಿಯೊಗಳ ಹೊತ್ತಿನಲ್ಲಿ ಕೈಗಳೆಲ್ಲ ಮೊಬೈಲಿನ ಮೇಲಿದ್ದವು. ಸ್ಕೂಟರು ಹೊರಟಾಗ ಒಂದೊಂದಾಗಿ ಮೊಬೈಲುಗಳು ಆರಿದವು. ಕೊನೆಗೆ ಸ್ಕೂಟರು ಗೆಳತಿಯ ಮನೆಯ ಮುಂದೆ ನಿಂತಾಗ ಯಾರೋ ಒಬ್ಬ ತಾಯಿ ಪಕ್ಕದವರ ತೋಳು ಹಿಡಿದು, "ಬರ್ತಾಳಾ?" ಎಂದು ಪಿಸುಗುಟ್ಟಿದರು. ಆ ಕೈ ಹೆಲ್ಮೆಟ್ಟನ್ನು ಎತ್ತಿಕೊಂಡಾಗ ಸಭಾಂಗಣಕ್ಕೆ ಸಭಾಂಗಣವೇ ಉಸಿರು ಬಿಟ್ಟ ಸದ್ದು ಮಾಸ್ಟರಿಗೆ ಕೇಳಿಸಿತು. ಕಡೆಯಲ್ಲಿ ಹೆಸರುಗಳು ಬಂದವು. ಕೊಟ್ಟಕೊನೆಗೆ ಒಂದೇ ಸಾಲು: ಗುರುವಾರ ಮೀಟರು ನೋಡಲು ಬಂದವರಿಗೆ ಕೃತಜ್ಞತೆ. ಮುಂದಿನ ವಿಡಿಯೊಗೆ ಚಿತ್ರ ಬರೆಯುವ ಮೊದಲೇ ಆಚೀಚೆಯ ಬೀದಿಗಳಿಗೆ ಹೋಗಿ ಕೇಳಿ ಬರಬೇಕೆಂದು ಹುಡುಗಿ ಆಗಲೇ ಹೊಸ ನೋಟ್‌ಬುಕ್ಕು ತಂದಿಟ್ಟುಕೊಂಡಿದ್ದಳು.

ಅವಳು ತನ್ನ ಪಾಲಿನದನ್ನು ಹೇಳಿದಳು. ತಪ್ಪಾಯಿತು ಎನ್ನಬೇಕಿದ್ದ ಮಾಸ್ಟರದು ಉಳಿಯಿತು. ಮೀಟರಿನಾತ ಮುಂದಿನ ತಿಂಗಳು ಬಂದಾಗ ಏನು ಹೇಳಬೇಕೆಂದು ಹೆಂಡತಿಯ ಮುಂದೆ ಎರಡು ಸಲ ಹೇಳಿ ನೋಡಿದ್ದರು. ಎರಡನೆಯ ಸಲಕ್ಕೇ ಜಗಳದ ದನಿ ಬಂದಿತ್ತು, ಹೆಂಡತಿ ತಿದ್ದಿಸಿದ್ದರು. ಆದರೆ ತಿಂಗಳು ತುಂಬುವ ಮೊದಲೇ ಬೇರೆ ಇಬ್ಬರು ಬಂದು ಬಾಗಿಲ ಹಿಂದೆ ಹೊಸ ಮೀಟರು ಕೂರಿಸಿದರು. ಇನ್ನು ಮೇಲೆ ಯಾರೂ ಬರಬೇಕಾಗಿಲ್ಲ, ಅಂಕಿ ತಾನೇ ಆಫೀಸಿಗೆ ಹೋಗುತ್ತದೆ, ಎಂದರು.

ಮಾಸ್ಟರು ಕರೆಂಟಿನ ಆಫೀಸಿಗೇ ಹೋದರು. ಕಿಟಕಿಯ ಹಿಂದಿನ ಗುಮಾಸ್ತ ತಲೆಯೆತ್ತದೆ ದೂರಿನ ಫಾರಂ ಮುಂದೆ ತಳ್ಳಿದ. ದೂರಲ್ಲ, ನಮ್ಮ ಬೀದಿಗೆ ಬರುತ್ತಿದ್ದವರನ್ನು ನೋಡಬೇಕು, ಎಂದರು ಮಾಸ್ಟರು. ಹೆಸರೇನು? ಗೊತ್ತಿಲ್ಲ. ಅವರು ಏನು ತಪ್ಪು ಮಾಡಿದರು?

"ತಪ್ಪು ಮಾಡಿದ್ದು ನಾನು."

ಗುಮಾಸ್ತ ಆಗ ತಲೆಯೆತ್ತಿದ. ಅದಕ್ಕೆ ನಮ್ಮಲ್ಲಿ ಫಾರಂ ಇಲ್ಲ ಎಂದ. ಮೀಟರಿನವರನ್ನೆಲ್ಲ ಬೇರೆ ಬೇರೆ ಕಡೆ ಹಾಕಿದ್ದಾರೆ, ಹೆಸರಿಲ್ಲದೆ ಯಾರೆಂದು ಹುಡುಕಲಿ ಎಂದ. ಮಾಸ್ಟರಿಗೆ ಸಿಟ್ಟು ಬಂತು, ಗುಮಾಸ್ತನಿಗೂ ನಾಲ್ಕು ಮಾತು ಬಿತ್ತು.

ಈಗಲೂ ಬೀದಿಯಲ್ಲಿ ಹೆಗಲಿಗೆ ಚೀಲ ಹಾಕಿಕೊಂಡು ಯಾರಾದರೂ ಹೋಗುತ್ತಿದ್ದರೆ ಮಾಸ್ಟರು ಸ್ಕೂಟರಿನ ವೇಗ ತಗ್ಗಿಸಿ ಪಕ್ಕಕ್ಕೆ ಹೋಗಿ ಮುಖ ನೋಡುತ್ತಾರೆ. ಇಲ್ಲಿಯವರೆಗೆ ಆತನಲ್ಲ.